ನಗರದ ಬಡವರೂ ಸರಕಾರದ ಯೋಜನೆಗಳೂ: ತಂಗಡಗಿಯಿಂದ ಒಂದು ನೋಟ

ನಗರದ ಬಡವನೆಂದರೆ ಯಾರು? ಪ್ರಶ್ನೆಯು ಮೇಲ್ನೋಟಕ್ಕೆ ಅತಿ ಸುಲಭವಾಗಿ ತೋರುತ್ತದೆ. ನಗರದಲ್ಲಿದ್ದು ಬಡವನಾಗಿರುವವನೇ ನಗರದ ಬಡವನೆಂದು ಹೇಳಿ ಮುಂದಿನ ಪ್ರಶ್ನೆಗೆ ಹೋಗಬಹುದು. ಅರ್ಥಶಾಸ್ತ್ರದ ತರಗತಿಯಲ್ಲಿ ನಾನೂ ಹಾಗೆಯೇ ಉತ್ತರಿಸಿದ್ದೆ. ಆದರೆ ಈ ವಿಷಯದ ಮೇಲೆ ವಾರ್ಷಿಕ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಗುರುಗಳು ಹೇಳಿದ ಮೇಲೆ, ನಾಲ್ಕಾರು ಪುಸ್ತಕಗಳನ್ನೂ ಸರಕಾರದ ಮಾರ್ಗಸೂಚಿಗಳನ್ನೂ ಮುಂದಿಟ್ಟುಕೊಂಡು ಕುಳಿತಾಗ, ಆ ಉತ್ತರದೊಳಗಿನ ಒಂದೊಂದು ಶಬ್ದವೂ ಸಂಶಯಕ್ಕೆ ಎಡೆಗೊಡುವದೆಂದು ಕಂಡುಬಂದಿತು. ‘ನಗರ’ವೆಂದರೆ ಯಾವದು, ‘ಇರುವದು’ ಎಂದರೆ ಏನು, ‘ಬಡವ’ನೆಂದು ನಿರ್ಣಯಿಸುವವರು ಯಾರು ಎಂಬಿವೇ ಈ ವಿಷಯದ ಗಂಟುಗಳು. ಉಳಿದದ್ದು ಬಹುಮಟ್ಟಿಗೆ ಯೋಜನೆಗಳ ಹೆಸರುಗಳ ಪಟ್ಟಿ.

ಹಳ್ಳಿಯ ಹುಡುಗನಿಗೆ ಶಹರದ ಬಡವರ ಉಸಾಬರಿ ಏಕೆಂದು ಕೆಲವು ಮಿತ್ರರು ಕೇಳಿದರು. ನನ್ನ ಊರು ಮುದ್ದೇಬಿಹಾಳ ತಾಲೂಕಿನ ತಂಗಡಗಿ. ಕೃಷ್ಣೆಯ ದಂಡೆಯ ಮೇಲಿನ ಊರು. ನೀಲಾಂಬಿಕೆಯ ಐಕ್ಯಸ್ಥಳವೆಂದು ನಾಡಿಗೆ ಪರಿಚಯವಿದ್ದದ್ದು. ಕೂಡಲಸಂಗಮವು ಹೊಳೆಯ ಆಚೆಗಿದೆ. ನಾರಾಯಣಪುರದ ಬಸವಸಾಗರದ ಹಿನ್ನೀರು ಎದುರಿಗೇ ನಿಂತಿರುತ್ತದೆ. ನೀರು ಕಣ್ಣಿಗೆ ಕಂಡ ಮಾತ್ರಕ್ಕೆ ಎಲ್ಲರ ಹೊಲಕ್ಕೂ ಹರಿಯಿತೆಂದು ತಿಳಿಯಬಾರದು. ಹಿಂಗಾರಿನ ಜೋಳ, ಕಡಲೆಗಳ ಸುಗ್ಗಿ ತೀರಿತೆಂದರೆ ನಮ್ಮ ಓಣಿಯಲ್ಲಿ ಕೆಲವು ಬಾಗಿಲುಗಳಿಗೆ ಕೀಲಿ ಬೀಳುತ್ತದೆ. ಬೆಂಗಳೂರು, ಮಂಗಳೂರು, ಪುಣೆ, ಗೋವೆಗಳ ಕಡೆಗೆ ಜನರು ಗುಳೆ ಹೋಗುತ್ತಾರೆ. ಗೋವೆಯ ವಾಸ್ಕೋದ ಬಾಯ್ನಾ, ಝುವಾರಿ ನಗರಗಳಲ್ಲಿ ನಮ್ಮ ಜಿಲ್ಲೆಯ ಮಾತು ಕಿವಿಗೆ ಬೀಳುವದು ಹೊಸ ಸಂಗತಿಯೇನೂ ಅಲ್ಲ. ಅಂದಮೇಲೆ ಶಹರದ ಬಡವರೆಂದರೆ ಬೇರೆ ಯಾರೋ ಅಲ್ಲ. ನಮ್ಮ ಓಣಿಯವರೇ, ವರ್ಷದ ಆರೆಂಟು ತಿಂಗಳು.

ಮೊದಲು ‘ನಗರ’ ಎಂಬ ಶಬ್ದವನ್ನು ನೋಡೋಣ. ನಮ್ಮ ಜನಗಣತಿಯು ಎರಡು ಬಗೆಯ ಪಟ್ಟಣಗಳನ್ನು ಎಣಿಸುತ್ತದೆ. ಪುರಸಭೆ, ನಗರಸಭೆ, ಮಹಾನಗರಪಾಲಿಕೆಗಳಂಥ ಸಂಸ್ಥೆಗಳಿದ್ದ ಊರು ಕಾಯದೆಯ ಮೇರೆಗೆ ಪಟ್ಟಣ. ಅಂಥ ಸಂಸ್ಥೆಯಿಲ್ಲದಿದ್ದರೂ 5,000 ಜನಸಂಖ್ಯೆ, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಜನರು ಒಕ್ಕಲುತನದ ಹೊರಗೆ, ಚದರ ಕಿಲೋಮೀಟರಿಗೆ 400 ಜನ ಎಂಬ ಮೂರು ಲಕ್ಷಣಗಳಿದ್ದರೆ ಅದು ಗಣತಿಯ ಪಟ್ಟಣ. ಸರಕಾರದ ನಗರ ಯೋಜನೆಗಳ ಹಣವು ಬಹುತೇಕವಾಗಿ ಮೊದಲನೆಯ ಬಗೆಯ ಊರುಗಳಿಗೇ ಹರಿಯುತ್ತದೆ. ಮುದ್ದೇಬಿಹಾಳಕ್ಕೆ ಪುರಸಭೆಯಿದೆ, ಆದ್ದರಿಂದ ಅದು ನಗರ. ತಂಗಡಗಿಗೆ ಗ್ರಾಮ ಪಂಚಾಯತಿಯಿದೆ, ಆದ್ದರಿಂದ ಅದು ಗ್ರಾಮ. ಆದರೆ ನಸುಕಿನಲ್ಲಿ ಬಸ್ಸು ಹತ್ತಿ ಮುದ್ದೇಬಿಹಾಳದ ಪೇಟೆಯಲ್ಲಿ ದಿನವೆಲ್ಲ ದುಡಿದು ಸಂಜೆಗೆ ತಿರುಗಿ ಬರುವವಳು ಎಲ್ಲಿಯವಳು? ಈ ಪ್ರಶ್ನೆಗೆ ಮುಂದೆ ಬರುತ್ತೇನೆ.

ಇನ್ನು ‘ಬಡವ’. ಈ ಗೆರೆ ಎಳೆಯುವ ಯತ್ನ ಹಳೆಯದು. 1962ರಲ್ಲಿ ಯೋಜನಾ ಆಯೋಗದ ಕಾರ್ಯತಂಡವೊಂದು ಆಗಿನ ಬೆಲೆಗಳಲ್ಲಿ ತಲೆಗೆ ತಿಂಗಳಿಗೆ 20 ರೂಪಾಯಿ ಕನಿಷ್ಠ ಅಗತ್ಯವೆಂದೂ ಶಹರದಲ್ಲಿ ಅದು 25 ರೂಪಾಯಿಯೆಂದೂ ಹೇಳಿತು. ಬಳಿಕ ಸಮಿತಿಗಳ ಮೇಲೆ ಸಮಿತಿಗಳು ಬಂದವು. 2011-12ನೆಯ ವರ್ಷಕ್ಕೆ ತೆಂಡೂಲ್ಕರ ಸಮಿತಿಯ ಕ್ರಮದಿಂದ ಎಣಿಸಿದರೆ ಶಹರದ ಗೆರೆ ತಲೆಗೆ ತಿಂಗಳಿಗೆ 1,000 ರೂಪಾಯಿ, ಬಡವರು ನೂರಕ್ಕೆ 13.7. ಅದೇ ವರ್ಷಕ್ಕೆ 2014ರಲ್ಲಿ ವರದಿ ಕೊಟ್ಟ ರಂಗರಾಜನ್ ಸಮಿತಿಯ ಕ್ರಮದಿಂದ ಗೆರೆ 1,407 ರೂಪಾಯಿ, ಬಡವರು ನೂರಕ್ಕೆ 26.4. ಅಂದರೆ ಒಂದೇ ವರ್ಷ, ಅದೇ ಜನ, ಅದೇ ಸಂಸಾರ. ಗೆರೆಯನ್ನು ನಾಲ್ಕು ನೂರು ರೂಪಾಯಿ ಮೇಲಕ್ಕೆ ಸರಿಸಿದೊಡನೆ ಶಹರದ ಬಡವರು ಸುಮಾರು 5 ಕೋಟಿ 31 ಲಕ್ಷದಿಂದ 10 ಕೋಟಿ 25 ಲಕ್ಷಕ್ಕೆ ಏರಿದರು. ಅಂಕಿಗಳನ್ನು ಬಾಯಿಪಾಠ ಮಾಡುವ ನಾವು ವಿದ್ಯಾರ್ಥಿಗಳು ಪ್ರತಿಯೊಂದು ಅಂಕಿಯ ಪಕ್ಕದಲ್ಲಿ ಅದು ಯಾರ ಗೆರೆಯೆಂಬುದನ್ನೂ ಬರೆದಿಟ್ಟುಕೊಳ್ಳುವದು ಒಳ್ಳೆಯದು.

ಯೋಜನೆಗಳ ಇತಿಹಾಸವನ್ನು ಸ್ಥೂಲವಾಗಿ ಹೇಳಿ ಮುಗಿಸುವೆ. ಮೊದಮೊದಲು ಸರಕಾರಕ್ಕೆ ಶಹರದ ಬಡತನವು ಮುಖ್ಯವಾಗಿ ಒಂದು ಹೊಲಸಿನ ಪ್ರಶ್ನೆಯಾಗಿ ಕಂಡಿತು. 1956ರಲ್ಲಿ ಪಾರ್ಲಿಮೆಂಟು ಮಾಡಿದ ಕಾಯದೆಯ ಹೆಸರಿನಲ್ಲಿಯೇ ಕೊಳಚೆ ಪ್ರದೇಶಗಳ ಸುಧಾರಣೆಯ ಜೊತೆಗೆ ನಿರ್ಮೂಲನೆಯೂ ಇದೆ. ನಮ್ಮ ರಾಜ್ಯದ ಕಾಯದೆ 1973ರದು. ಅದರ ಮೇರೆಗೆ 1975ರಲ್ಲಿ ಕೊಳಚೆ ನಿರ್ಮೂಲನಾ ಮಂಡಳಿ ಹುಟ್ಟಿತು. ಕಾಲಾನಂತರ ಅದರ ಹೆಸರಿನಲ್ಲಿಯ ‘ನಿರ್ಮೂಲನೆ’ ಹೋಗಿ ‘ಅಭಿವೃದ್ಧಿ’ ಬಂದಿತು. ಹೆಸರು ಬದಲಾದದ್ದು ಸಣ್ಣ ಮಾತಲ್ಲವೆಂದು ನನ್ನ ಅಭಿಪ್ರಾಯ. ಗುಡಿಸಲನ್ನು ಕಿತ್ತರೆ ಬಡತನವೂ ಕಿತ್ತುಹೋಗುವದೆಂಬ ಭ್ರಮೆಯನ್ನು ಬಿಡಲು ಎಷ್ಟೋ ವರ್ಷ ಬೇಕಾದವು. ಆ ನಡುವೆ 1972ರಲ್ಲಿ ಕೊಳಚೆ ಪ್ರದೇಶಗಳಿಗೆ ನಳ, ಗಟಾರ, ದೀಪ, ಪಾಯಿಖಾನೆಗಳನ್ನು ಒದಗಿಸುವ ಕಾರ್ಯಕ್ರಮ ಬಂದಿತ್ತು. 1985ರಲ್ಲಿ ಮುಂಬಯಿಯ ಪಾದಚಾರಿ ಮಾರ್ಗದ ಮೇಲೆ ವಾಸಿಸುವವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆಯೆಂದೂ, ನೋಟೀಸು ಕೊಡದೆ ಎಬ್ಬಿಸಬಾರದೆಂದೂ ಹೇಳಿತು. ಆದರೂ ಅವರನ್ನು ಎಬ್ಬಿಸಲು ಪಾಲಿಕೆಗೆ ಅಧಿಕಾರವಿಲ್ಲವೆಂದು ಹೇಳಲಿಲ್ಲವೆಂಬುದನ್ನೂ ನೆನಪಿಡಬೇಕು.

ದುಡಿಮೆಯ ಕಡೆಗೆ ಸರಕಾರದ ದೃಷ್ಟಿ ತಿರುಗಿದ್ದು ಅದರ ನಂತರ. 1989ರಲ್ಲಿ ನೆಹರೂ ರೋಜಗಾರ ಯೋಜನೆ. ಅದನ್ನೂ ಇನ್ನೆರಡು ಕಾರ್ಯಕ್ರಮಗಳನ್ನೂ ಕೂಡಿಸಿ 1997ರ ಡಿಸೆಂಬರ 1ರಿಂದ ಸ್ವರ್ಣ ಜಯಂತಿ ಶಹರಿ ರೋಜಗಾರ ಯೋಜನೆ. ಅದರ ಜಾಗದಲ್ಲಿ 2013ರಿಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ. ಈ ಕಡೆಯದು ಆರಂಭದಲ್ಲಿ ಜಿಲ್ಲಾ ಮುಖ್ಯಸ್ಥಳಗಳಿಗೂ ಲಕ್ಷಕ್ಕಿಂತ ಹೆಚ್ಚು ಜನವಿದ್ದ ನಗರಗಳಿಗೂ ಸೀಮಿತವಾಗಿದ್ದು, 2016ರಲ್ಲಿ ಎಲ್ಲ ಪಟ್ಟಣಗಳಿಗೆ ವಿಸ್ತರಿಸಲ್ಪಟ್ಟಿತು. ಮುದ್ದೇಬಿಹಾಳ, ತಾಳಿಕೋಟಿಗಳಂಥ ಊರುಗಳಿಗೆ ಬಾಗಿಲು ತೆರೆದದ್ದು ಆಗಲೇ. ಹತ್ತರಿಂದ ಇಪ್ಪತ್ತು ಹೆಣ್ಣುಮಕ್ಕಳು ಕೂಡಿ ಸ್ವಸಹಾಯ ಗುಂಪು ಕಟ್ಟಿದರೆ 10,000 ರೂಪಾಯಿ ಸುತ್ತುನಿಧಿ, ಒಬ್ಬರಿಗೆ 2 ಲಕ್ಷದವರೆಗೆ, ಗುಂಪಿಗೆ 10 ಲಕ್ಷದವರೆಗೆ ಸಾಲ, ನೂರಕ್ಕೆ 7ಕ್ಕಿಂತ ಮೇಲಿನ ಬಡ್ಡಿಯನ್ನು ಸರಕಾರವೇ ತುಂಬುವದು ಎಂಬಿವು ಅದರ ಮುಖ್ಯ ಅಂಶಗಳು. ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಜನರಿಗಾದರೂ ರಾತ್ರಿ ತಂಗುವ ಆಸರೆ ಇರಬೇಕೆಂಬ ನಿಯಮವೂ ಅದರಲ್ಲಿತ್ತು. ಆ ಅಭಿಯಾನದ ಅವಧಿ 2024ರ ಸಪ್ಟಂಬರದಲ್ಲಿ ಮುಗಿಯಿತು. ಈ ಎಲ್ಲ ಯೋಜನೆಗಳಲ್ಲಿಯೂ ಒಂದು ಕೊರತೆ ಕಣ್ಣಿಗೆ ಹೊಡೆಯುತ್ತದೆ. ಗ್ರಾಮದ ಕುಟುಂಬಕ್ಕೆ ವರ್ಷಕ್ಕೆ ನೂರು ದಿನದ ಕೆಲಸವನ್ನು 2005ರ ಕಾಯದೆಯು ಹಕ್ಕಾಗಿ ಕೊಟ್ಟಿತು. ಶಹರದ ಬಡವನಿಗೆ ದೇಶವ್ಯಾಪಿಯಾದ ಅಂಥ ಕಾಯದೆ ಬರಲಿಲ್ಲ. ಕೇರಳ 2010ರಲ್ಲಿ, ರಾಜಸ್ಥಾನ 2022ರಲ್ಲಿ ತಮ್ಮ ತಮ್ಮ ಮಟ್ಟಿಗೆ ಪ್ರಯತ್ನಿಸಿದವು. ಶಹರದವನಿಗೆ ಸಿಕ್ಕದ್ದು ಸಾಲ, ತರಬೇತಿ, ಪ್ರಮಾಣಪತ್ರ.

ಇಲ್ಲಿಗೆ ಪುಸ್ತಕವನ್ನು ಮುಚ್ಚಿ, ಬಸ್ಸು ಹತ್ತಿ ಮುದ್ದೇಬಿಹಾಳಕ್ಕೆ ಹೋಗುವವಳ ಕಡೆಗೆ ಬರುತ್ತೇನೆ. ಅವಳು ನನ್ನ ಚಿಗವ್ವ. ಬದನೆಕಾಯಿ, ಹಸಿಮೆಣಸಿನಕಾಯಿ, ಸೊಪ್ಪು ಮಾರುತ್ತಾಳೆ. ಮೊದಲು ಅವಳ ಬಂಡವಾಳವೆಲ್ಲ ಕೈಗಡದ್ದು. ಮುಂಜಾನೆ ಸಾವಿರ ರೂಪಾಯಿ ಕೊಟ್ಟವನು ಸಂಜೆಗೆ ಮೇಲೆ ಐವತ್ತು ಸೇರಿಸಿ ತೆಗೆದುಕೊಳ್ಳುತ್ತಿದ್ದನು. ದಿನಕ್ಕೆ ನೂರಕ್ಕೆ ಐದೆಂದರೆ ವರ್ಷಕ್ಕೆ ಎಷ್ಟಾಯಿತೆಂಬುದನ್ನು ಗಣಿತದ ಮಿತ್ರರು ಲೆಕ್ಕ ಹಾಕಿಕೊಳ್ಳಲಿ; ನಾನು ಹಾಕಿ ಒಮ್ಮೆ ಅವಳಿಗೆ ಹೇಳಿದಾಗ ಅವಳು ನಕ್ಕು, “ವರ್ಷದ್ದು ಯಾರಿಗೆ ಬೇಕೋ ತಮ್ಮಾ, ನನಗ ಬೇಕಾಗಿದ್ದು ಮುಂಜಾನಿಂದು” ಎಂದಳು. ಬಡವರ ಸಾಲದ ಅರ್ಥಶಾಸ್ತ್ರವನ್ನು ಇದಕ್ಕಿಂತ ಚೊಕ್ಕಾಗಿ ನಾನು ಯಾವ ಪುಸ್ತಕದಲ್ಲಿಯೂ ಓದಿಲ್ಲ.

ಬೀದಿ ವ್ಯಾಪಾರಿಗಳ ಕಾಯದೆ 2014ರಲ್ಲಿ ಬಂದಿತು. ಅದರ ಪ್ರಕಾರ ಪ್ರತಿಯೊಂದು ಪಟ್ಟಣದಲ್ಲಿ ವ್ಯಾಪಾರ ಸಮಿತಿಯೊಂದಿದ್ದು, ಅದರಲ್ಲಿ ನೂರಕ್ಕೆ 40ಕ್ಕಿಂತ ಕಡಿಮೆಯಾಗದಂತೆ ಬೀದಿ ವ್ಯಾಪಾರಿಗಳೇ ಇರಬೇಕು. ಅವರಲ್ಲಿ ಮೂರನೆಯ ಒಂದು ಭಾಗ ಹೆಣ್ಣುಮಕ್ಕಳು. ಐದು ವರ್ಷಕ್ಕೊಮ್ಮೆ ಸಮೀಕ್ಷೆ ಮಾಡಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಸಿಗುವವರೆಗೆ ಯಾರನ್ನೂ ಎಬ್ಬಿಸಬಾರದು. 2020ರ ಲಾಕ್‌ಡೌನಿನಲ್ಲಿ ಬುಟ್ಟಿಯ ವ್ಯಾಪಾರವೆಲ್ಲ ಕುಸಿದುಬಿದ್ದಾಗ, ಆ ವರ್ಷದ ಜೂನ್ 1ರಂದು ಪ್ರಧಾನ ಮಂತ್ರಿ ಸ್ವನಿಧಿ ಯೋಜನೆ ಆರಂಭವಾಯಿತು. ಜಾಮೀನಿಲ್ಲದೆ ಮೊದಲು 10,000 ರೂಪಾಯಿ, ಅದನ್ನು ತೀರಿಸಿದವರಿಗೆ 20,000, ಮುಂದೆ 50,000. ಕಂತನ್ನು ವೇಳೆಗೆ ಸರಿಯಾಗಿ ತುಂಬಿದರೆ ನೂರಕ್ಕೆ 7ರ ಬಡ್ಡಿ ಸಹಾಯಧನ ಖಾತೆಗೆ ತಿರುಗಿ ಬರುವದು. 2025ರ ಆಗಸ್ಟದಲ್ಲಿ ಈ ಯೋಜನೆಯನ್ನು 2030ರ ಮಾರ್ಚಿಯವರೆಗೆ ಬೆಳೆಸಿ, ಮೊದಲ ಸಾಲವನ್ನು 15,000ಕ್ಕೂ ಎರಡನೆಯದನ್ನು 25,000ಕ್ಕೂ ಏರಿಸಲಾಯಿತು.

ವಾಚಕರು ಇಲ್ಲಿ ಒಂದು ಸಣ್ಣ ಅಂಶವನ್ನು ಗಮನಿಸಬೇಕೆಂದು ನನ್ನ ಕೋರಿಕೆ. ಈ ಯೋಜನೆಯ ನಿಯಮಗಳಲ್ಲಿ, ಸುತ್ತಲಿನ ಹಳ್ಳಿಗಳಿಂದ ಬಂದು ಪಟ್ಟಣದ ಎಲ್ಲೆಯೊಳಗೆ ಮಾರುವವರಿಗೂ, ಪಟ್ಟಣದ ಸಂಸ್ಥೆಯ ಶಿಫಾರಸು ಪತ್ರವಿದ್ದರೆ ಸಾಲ ಸಿಗುವದೆಂದು ಬರೆದಿದೆ. ಚಿಗವ್ವನಿಗೆ ಸಿಕ್ಕದ್ದು ಈ ಒಂದು ಸಾಲಿನಿಂದ. ಅವಳು ತಂಗಡಗಿಯಲ್ಲಿ ಮಲಗುತ್ತಾಳೆಂಬುದನ್ನು ಯಾರೂ ತಪ್ಪೆಂದು ಎಣಿಸಲಿಲ್ಲ. ಬುಟ್ಟಿಯನ್ನು ಎಲ್ಲಿ ಇಳಿಸುತ್ತಾಳೆಂಬುದನ್ನು ಕೇಳಿದರು. ನಾನು ಓದಿದ ಯೋಜನೆಗಳಲ್ಲಿ ‘ನಗರದ ಬಡವ’ನನ್ನು ಅವನ ಮನೆಯ ಮೇಲಿನಿಂದಲ್ಲ, ದುಡಿಮೆಯ ಜಾಗದ ಮೇಲಿನಿಂದ ಗುರುತಿಸಿದ ಸಾಲು ಇದಕ್ಕಿಂತ ಸ್ಪಷ್ಟವಾದದ್ದು ಇನ್ನೊಂದಿಲ್ಲ. ಹತ್ತು ಸಾವಿರವೇನೂ ದೊಡ್ಡ ಮೊತ್ತವಲ್ಲ. ಮಳೆ ಹಿಡಿದ ವಾರದಲ್ಲಿ ಮಾಲು ಕೊಳೆತು ಒಂದು ಕಂತಿಗಾಗಿ ಅವಳು ಮತ್ತೆ ಕೈಗಡ ಮಾಡಿದ್ದೂ ಉಂಟು. ಆದರೂ ಎರಡನೆಯ ಸಾಲ ಬಂದ ಮೇಲೆ ಮುಂಜಾನೆಯ ಸಾವಿರ ಅವಳದೇ ಆಯಿತು. ತಕ್ಕಡಿಯ ಮಗ್ಗುಲಿಗೆ ಮೊಬಾಯಿಲಿನಿಂದ ರೊಕ್ಕ ಹಾಕುವ ಚೌಕಳಿ ಹಾಳೆಯೊಂದು ನಿಂತಿದೆ. ಅದು ‘ಬಂತು’ ಎಂದು ಕೂಗಿದಾಗ ಅವಳು ಈಗಲೂ ಒಮ್ಮೆ ಬೆಚ್ಚುತ್ತಾಳೆ.

ಇನ್ನೊಬ್ಬರ ಕಥೆ ಇಷ್ಟು ಸರಳವಾಗಿಲ್ಲ. ನಮ್ಮ ಮನೆಯ ಎದುರಿನ ಕಾಕಾ ಗೌಂಡಿ ಕೆಲಸದವರು. ಹದಿನೈದು ವರ್ಷಗಳಿಂದ ಬೆಂಗಳೂರಿಗೆ ಹೋಗಿಬರುತ್ತಾರೆ. ಹೆಂಡತಿ ಮಕ್ಕಳೂ ಜೊತೆಗೆ. ಅಲ್ಲಿ ಅವರ ವಾಸ, ತಾವು ಕಟ್ಟುತ್ತಿರುವ ಕಟ್ಟಡದ ಮಗ್ಗುಲಿನ ತಗಡಿನ ಸೆಡ್ಡಿನಲ್ಲಿ. ಕಟ್ಟಡ ಮುಗಿದೊಡನೆ ಸೆಡ್ಡೂ ಮುಗಿಯುವದು. 2011ರ ಗಣತಿಯ ಮೇರೆಗೆ ಭಾರತದಲ್ಲಿ 6 ಕೋಟಿ 54 ಲಕ್ಷ ಜನರೂ ಕರ್ನಾಟಕದಲ್ಲಿ ಸುಮಾರು 33 ಲಕ್ಷ ಜನರೂ ಕೊಳಚೆ ಪ್ರದೇಶಗಳಲ್ಲಿದ್ದರು. ಆದರೆ ನಮ್ಮ ರಾಜ್ಯದ ಕಾಯದೆಯ 3ನೆಯ ಕಲಮಿನ ಕೆಳಗೆ ಘೋಷಣೆಯಾದ ಹೊರತು ಒಂದು ಜಾಗವು ಕಾಯದೆಯ ಕಣ್ಣಿಗೆ ಕೊಳಚೆ ಪ್ರದೇಶವೂ ಆಗುವದಿಲ್ಲ. ಎರಡು ವರ್ಷ ಇದ್ದು ಮಾಯವಾಗುವ ಸೆಡ್ಡಿನ ಸಾಲನ್ನು ಯಾರು ಘೋಷಿಸುವರು? ಹೀಗೆ ಕಾಕಾನ ಸಂಸಾರವು ಕೊಳಚೆಯವರಿಗಿಂತ ಕೆಟ್ಟ ಸ್ಥಿತಿಯಲ್ಲಿದ್ದೂ ಕೊಳಚೆಯವರ ಪಟ್ಟಿಯಲ್ಲಿಲ್ಲ.

2015ರ ಜೂನ್ 25ರಂದು ನಗರದ ಪ್ರಧಾನ ಮಂತ್ರಿ ಆವಾಸ ಯೋಜನೆ ಪ್ರಾರಂಭವಾಯಿತು. ಅದರ ಎರಡನೆಯ ಹಂತ 2024ರ ಸಪ್ಟಂಬರದಿಂದ. ವರ್ಷಕ್ಕೆ 3 ಲಕ್ಷದೊಳಗಿನ ವರಮಾನದವರಿಗೆ ಮನೆ ಕಟ್ಟಲು ಮೊದಲ ಹಂತದಲ್ಲಿ ಕೇಂದ್ರದ ನೆರವು ಒಂದೂವರೆ ಲಕ್ಷ. ಮನೆಯು ಹೆಣ್ಣುಮಗಳ ಹೆಸರಿನಲ್ಲಿ ಅಥವಾ ಜಂಟಿಯಾಗಿ ಇರಬೇಕೆಂಬ ನಿಯಮವು ಬಹಳ ಮೆಚ್ಚತಕ್ಕದ್ದು. ಆದರೆ ಅದರೊಂದಿಗೆ ಇನ್ನೊಂದು ನಿಯಮವಿದೆ. ಅರ್ಜಿದಾರರ ಕುಟುಂಬದ ಯಾರ ಹೆಸರಿನಲ್ಲಿಯೂ ಭಾರತದ ಯಾವ ಭಾಗದಲ್ಲಿಯೂ ಪಕ್ಕಾ ಮನೆ ಇರಕೂಡದು. ಕಾಕಾ ಹತ್ತು ವರ್ಷದ ದುಡಿಮೆಯನ್ನು ಕೂಡಿಟ್ಟು ತಂಗಡಗಿಯಲ್ಲಿ ಎರಡು ಖೋಲಿ ಕಟ್ಟಿಸಿದ್ದರು. ಕಟ್ಟಿಸಿದ್ದೇನು, ತಾವೇ ಕಟ್ಟಿದ್ದರು. ಬೆಂಗಳೂರಲ್ಲಿ ಯಾರೋ ಅರ್ಜಿ ತುಂಬುತ್ತಾರೆಂದು ತಾವೂ ಹೋಗಿ, ಆ ಪ್ರಶ್ನೆಯ ಮುಂದೆ ಸುಳ್ಳು ಬರೆಸಲಾರದೆ ಎದ್ದು ಬಂದರು.

“ಊರಾಗ ಸ್ಲ್ಯಾಬ ಹಾಕಿದ್ದ ತಪ್ಪಾತು ನೋಡು ತಮ್ಮಾ. ಮ್ಯಾಳಿಗಿ ಇದ್ದಿದ್ರ ಇವತ್ತು ನಾ ಬಡವ ಆಗತಿದ್ದೆ” ಎಂದರು.

ನಾನು ಈ ಮಾತನ್ನು ಕೇಳಿ ಕೆಲಹೊತ್ತು ನಿಯಮದ ಮೇಲೆ ಸಿಟ್ಟಾದದ್ದು ನಿಜ. ಆದರೆ ಶಾಂತವಾಗಿ ಯೋಚಿಸಿದರೆ ನಿಯಮದಲ್ಲಿ ನ್ಯಾಯವಿಲ್ಲವೆನ್ನಲು ಬರುವದಿಲ್ಲ. ಹಣವು ಮಿತವಾದದ್ದು, ಒಂದೂ ಮನೆಯಿಲ್ಲದವನನ್ನು ಬಿಟ್ಟು ಎರಡನೆಯ ಮನೆಗೆ ನೆರವು ಕೊಡುವದು ಹೇಗೆ? ತಪ್ಪಿರುವದು ನಿಯಮದಲ್ಲಿ ಅಲ್ಲ, ಶಹರದ ಬಡವನಿಗೆ ಬೇಕಾದದ್ದು ಸ್ವಂತ ಮನೆಯೇ ಎಂಬ ಗ್ರಹಿಕೆಯಲ್ಲಿ. ಕಾಕಾನಿಗೆ ಬೆಂಗಳೂರಿನಲ್ಲಿ ಆಸ್ತಿ ಬೇಕಾಗಿಲ್ಲ. ಮನೆಯಿದ್ದಲ್ಲಿ ದುಡಿಮೆಯಿಲ್ಲ, ದುಡಿಮೆಯಿದ್ದಲ್ಲಿ ತಲೆಯ ಮೇಲೆ ಸೂರಿಲ್ಲ. ಆದ್ದರಿಂದ ಬೇಕಾದದ್ದು ತಿಂಗಳ ಲೆಕ್ಕದಲ್ಲಿ, ಕೈಗೆಟಕುವ ಬಾಡಿಗೆಗೆ, ನೀರು ಪಾಯಿಖಾನೆಗಳಿರುವ ಒಂದು ಖೋಲಿ. ಸರಕಾರಕ್ಕೆ ಇದು ಹೊಳೆದದ್ದು 2020ರ ಬೇಸಿಗೆಯಲ್ಲಿ, ದೇಶದ ಹೆದ್ದಾರಿಗಳ ಮೇಲೆ ಜನ ಗಂಟುಮೂಟೆ ಹೊತ್ತು ಊರಿನ ಕಡೆಗೆ ನಡೆದುದನ್ನು ಕಂಡ ಮೇಲೆ. ಆ ವರ್ಷದ ಜುಲೈಯಲ್ಲಿ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆ ಬಂದಿತು. ಹಿಂದಿನ ಯೋಜನೆಗಳಲ್ಲಿ ಕಟ್ಟಿ ಖಾಲಿ ಬಿದ್ದಿದ್ದ ಸರಕಾರಿ ಮನೆಗಳನ್ನು ಬಾಡಿಗೆಗೆ ಕೊಡಬಹುದೆಂದಾಯಿತು. ಆವಾಸ ಯೋಜನೆಯ ಎರಡನೆಯ ಹಂತದಲ್ಲಿಯೂ ಬಾಡಿಗೆ ಮನೆಗಳದೊಂದು ಭಾಗವಿದೆ. ಕೇರಳದ ಪಾಲಕ್ಕಾಡ ಜಿಲ್ಲೆಯ ಕಂಜಿಕೋಡಿನಲ್ಲಿ 2019ರಲ್ಲಿಯೇ ಹೊರರಾಜ್ಯದ ಕೂಲಿಕಾರರಿಗೆ ‘ಅಪ್ನಾ ಘರ್’ ಎಂಬ ವಸತಿಯನ್ನು ತೆರೆದರು. ನಮ್ಮ ಗೌಂಡಿಗಳಿಗೆ ಇಂಥದೊಂದು ದೊರೆಯಲು ಕಾಯದೆಯ ಅಡ್ಡಿ ನನಗೆ ಯಾವದೂ ಕಾಣುವದಿಲ್ಲ. ಹಣಕ್ಕೂ ಮೂಲವಿದೆ: 1996ರ ಕಾಯದೆಯ ಮೇರೆಗೆ ಕಟ್ಟಡಗಳ ವೆಚ್ಚದ ಮೇಲೆ ನೂರಕ್ಕೆ ಒಂದರಂತೆ ಕರ ಎತ್ತಿ ಕಟ್ಟಡ ಕಾರ್ಮಿಕರ ನಿಧಿಯನ್ನು ಕೂಡಿಸುತ್ತ ಬಂದಿದ್ದಾರೆ. ವರ್ಷದಲ್ಲಿ 90 ದಿನ ದುಡಿದವರು ಅದರಲ್ಲಿ ಹೆಸರು ನೋಂದಾಯಿಸಬಹುದು. ಹೆಸರು ನೋಂದಾಯಿಸಿದವರ ಹಣದಿಂದಲೇ ಅವರಿಗೆ ಖೋಲಿ ಕಟ್ಟುವದಕ್ಕಿಂತ ಒಳ್ಳೆಯ ಉಪಯೋಗ ಯಾವದಿದೆ?

ಹೊಟ್ಟೆಯ ವಿಷಯದಲ್ಲಿ ಕಾಲ ಸ್ವಲ್ಪ ಸುಧಾರಿಸಿದೆ. ರೇಶನ್ ಕಾರ್ಡು ಊರಲ್ಲಿ, ಉಣ್ಣುವವರು ಶಹರದಲ್ಲಿ ಎಂಬ ಪೇಚು ಬಹಳ ವರ್ಷ ಇತ್ತು. 2020ರ ಜನೇವರಿ 1ರಿಂದ ‘ಒಂದು ದೇಶ ಒಂದು ರೇಶನ್ ಕಾರ್ಡು’ ಕ್ರಮದಲ್ಲಿ ಕರ್ನಾಟಕವೂ ಗೋವೆಯೂ ಒಟ್ಟಿಗೇ ಸೇರಿದವು. ಹೆಬ್ಬೆರಳೊತ್ತಿ ವಾಸ್ಕೋದಲ್ಲಿ ತನ್ನ ಪಾಲಿನ ಧಾನ್ಯ ಪಡೆಯಬಹುದು, ಊರಲ್ಲುಳಿದ ಮುದುಕಿ ತನ್ನ ಪಾಲನ್ನು ಅದೇ ಕಾರ್ಡಿನ ಮೇಲೆ ತಂಗಡಗಿಯಲ್ಲಿ ಪಡೆಯಬಹುದು. ಹೊರರಾಜ್ಯದಲ್ಲಿ ಸಿಗುವದು ಕೇಂದ್ರದ ಪಾಲು ಮಾತ್ರ; ನಮ್ಮ ರಾಜ್ಯವು ತಾನಾಗಿ ಕೂಡಿಸುವದು ಗಡಿ ದಾಟುವದಿಲ್ಲ. ಇನ್ನು 2017ರ ಆಗಸ್ಟ 16ರಂದು ಬೆಂಗಳೂರಿನಲ್ಲಿ ತೆರೆದ ಇಂದಿರಾ ಕ್ಯಾಂಟೀನಿನ ಮಾತು. ಮುಂಜಾನೆಯ ಉಪಾಹಾರ 5 ರೂಪಾಯಿಗೆ, ಊಟ 10 ರೂಪಾಯಿಗೆ ಎಂದು ಆರಂಭಿಸಿದರು. ಈ ಯೋಜನೆಯ ಬಗ್ಗೆ ಬಲ್ಲವರು ಬಗೆಬಗೆಯಾಗಿ ಮಾತಾಡುವದುಂಟು. ನಾನು ಕಾಕಾನನ್ನು ಕೇಳಿದೆ. “ಅಲ್ಲಿ ಏನೂ ಕಾಗದ ಕೇಳಂಗಿಲ್ಲ” ಎಂಬುದೇ ಅವರು ಮೊದಲು ಹೇಳಿದ ಗುಣ. ಅನ್ನದ ರುಚಿಯ ಮಾತು ಆಮೇಲೆ ಬಂದಿತು, ಅದನ್ನು ಇಲ್ಲಿ ಬರೆಯುವದು ಬೇಡ.

ಆಹಾರ ಭದ್ರತೆಯ 2013ರ ಕಾಯದೆಯು ಗ್ರಾಮಗಳಲ್ಲಿ ನೂರಕ್ಕೆ 75ರವರೆಗೆ, ಶಹರಗಳಲ್ಲಿ ನೂರಕ್ಕೆ 50ರವರೆಗೆ ಜನರನ್ನು ಒಳಗೊಳ್ಳುತ್ತದೆ. ಆ ಲೆಕ್ಕಕ್ಕೆ ಆಧಾರ 2011ರ ಜನಗಣತಿ. 2021ರಲ್ಲಿ ಆಗಬೇಕಾಗಿದ್ದ ಗಣತಿ ಆಗಲಿಲ್ಲ. ಹೀಗಾಗಿ ಈ ನಡುವೆ ಶಹರಕ್ಕೆ ಹೋದ ಎಷ್ಟೋ ಜನರು ಯೋಜನೆಗಳ ಲೆಕ್ಕದಲ್ಲಿ ಇನ್ನೂ ತಮ್ಮ ಹಳ್ಳಿಯಲ್ಲಿಯೇ ಕುಳಿತಿದ್ದಾರೆ. ಮುಂದಿನ ಗಣತಿಗೆ 2027ರ ಮಾರ್ಚಿ 1 ಆಧಾರ ದಿನವೆಂದು ಗೊತ್ತುಮಾಡಲಾಗಿದೆ. ಎಣಿಕೆ ಅದರ ಹಿಂದಿನ ಫೆಬ್ರುವರಿಯಲ್ಲಿ. ಫೆಬ್ರುವರಿಯೆಂದರೆ ನಮ್ಮ ಓಣಿಯಲ್ಲಿ ಕೀಲಿ ಬಿದ್ದಿರುವ ತಿಂಗಳು.

ಕಳೆದ ಸಲ ಊರಿಗೆ ಬಂದಾಗ ಕಾಕಾನಿಗೆ ಇದನ್ನೆಲ್ಲ ವಿವರಿಸಿ, ಎಣಿಸುವವರು ಬಂದರೆ ಬೆಂಗಳೂರಿನಲ್ಲಿಯೇ ಹೆಸರು ಬರೆಸಿರೆಂದೂ, ಎಷ್ಟು ತಿಂಗಳಿಂದ ಅಲ್ಲಿರುವಿರೆಂದು ಕೇಳಿದರೆ ಇದ್ದದ್ದನ್ನೇ ಹೇಳಿರೆಂದೂ ತಿಳಿಸಿದೆ. ಅವರಿಗೆ ಮನಸ್ಸಿಗೆ ಬರಲಿಲ್ಲ. ಅಲ್ಲಿ ಬರೆಸಿದರೆ ಇಲ್ಲಿಯ ಮತ, ಕಾರ್ಡು, ಖೋಲಿ ಹೋಗುವವೋ ಏನೋ ಎಂಬ ಅಂಜಿಕೆ. ಗಣತಿಗೂ ಕಾರ್ಡಿಗೂ ಸಂಬಂಧವಿಲ್ಲ, ಹೆಸರು ಬರೆಸಿದ ಮಾತ್ರಕ್ಕೆ ಯಾವ ಹಕ್ಕೂ ಹೋಗುವದಿಲ್ಲವೆಂದು ಎರಡೆರಡು ಸಲ ಹೇಳಿದೆ. ಕಾಕಿ ಒಳಗಿನಿಂದಲೇ ಕೇಳುತ್ತ ಕುಳಿತಿದ್ದರು. ಕೊನೆಗೆ ಅವರೇ ಹೊರಗೆ ಬಂದು, ಸೆಡ್ಡಿಗೆ ನಂಬರ ಇರುವದಿಲ್ಲವಲ್ಲ, ಎಣಿಸುವವರಿಗೆ ಅದು ಮನೆಯೆಂದು ಹೇಗೆ ಗೊತ್ತಾಗಬೇಕು ಎಂದು ಕೇಳಿದರು. ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಆ ಮೇಲೆ ಓದಿ ತಿಳಿದುಕೊಂಡೆ: ಎಣಿಕೆಯವರು ಮೊದಲು ಮನೆಪಟ್ಟಿ ಮಾಡುವಾಗ ಜನ ವಾಸಿಸುವ ಸೆಡ್ಡು, ಗುಡಿಸಲುಗಳಿಗೂ ನಂಬರ ಹಾಕಬೇಕು; ನಿಲ್ಲಲು ನೆಲೆಯೇ ಇಲ್ಲದವರನ್ನು ಎಣಿಸಲು ಒಂದು ರಾತ್ರಿಯನ್ನು ಬೇರೆ ಇಟ್ಟಿರುತ್ತಾರೆ. ಈ ಎರಡು ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಕಾಕಿಯ ಕೈಗೆ ಕೊಟ್ಟಿದ್ದೇನೆ. ಅದನ್ನು ಅವರು ರೇಶನ್ ಕಾರ್ಡಿನ ಪಿಶವಿಯಲ್ಲಿ ಇಟ್ಟುಕೊಂಡು ಹೋದರು.